ಬ್ಯಾರನ್ ಕಾವಲಿನಲ್ಲಿ ಹತ್ತಿದ ಸಿಗರೇಟು: ಮಗನ ಜೊತೆ ಅಪ್ಪನೂ ಬಿಡಬೇಕಾದಾಗ

(ಹುಡುಗ ಮತ್ತು ಅವನ ತಂದೆ ಇಬ್ಬರೂ ಒಪ್ಪಿದ ಮೇಲೆ ಬರೆದದ್ದು. ಹೆಸರು, ಊರು, ಮನೆಯ ವಿವರ ಬದಲಾಯಿಸಿದ್ದೇನೆ.)

ಕಿರಣನಿಗೆ 17 ವರ್ಷ, ದ್ವಿತೀಯ ಪಿಯುಸಿ. ಮೈಸೂರು ಜಿಲ್ಲೆಯಲ್ಲಿ ಹೊಗೆಸೊಪ್ಪು ಬೆಳೆಯುವ ಕಡೆಯ ಹುಡುಗ. ಕಾಲೇಜಿನ ಹಿಂದೆ ಸಿಗರೇಟು ಸೇದುವಾಗ ಸಿಕ್ಕಿಬಿದ್ದ. ಪ್ರಾಂಶುಪಾಲರು ತಂದೆಯನ್ನು ಕರೆಸಿ, ಇನ್ನೊಂದು ಸಲ ಸಿಕ್ಕಿದರೆ ಟಿಸಿ ಕೊಟ್ಟು ಕಳಿಸುತ್ತೇವೆ ಎಂದರು. ಅದಾದ ಮೇಲೆ ತಂದೆ ಅವನನ್ನು ಆಸ್ಪತ್ರೆಯ ನಮ್ಮ ತಂಬಾಕು ವ್ಯಸನಮುಕ್ತಿ ಕೇಂದ್ರಕ್ಕೆ ಕರೆದುಕೊಂಡು ಬಂದರು.

"ಮೇಡಂ, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ನಾನು ಹೇಳಿದ್ರೆ ಕೇಳಲ್ಲ."

ಅವರ ಅಂಗಿ ಜೇಬಿನಲ್ಲಿ ಬೀಡಿ ಕಟ್ಟು ಕಾಣುತ್ತಿತ್ತು. ಆ ಬಗ್ಗೆ ಆಗ ಏನೂ ಹೇಳಲಿಲ್ಲ. ಮಗನ ಜೊತೆ ಒಂಟಿಯಾಗಿ ಮಾತಾಡಬೇಕು, ಸ್ವಲ್ಪ ಹೊತ್ತು ಹೊರಗೆ ಕೂತಿರಿ ಎಂದೆ. ಹದಿಹರೆಯದವರ ಜೊತೆ ಇದು ಮೊದಲ ನಿಯಮ. ಅಪ್ಪ ಪಕ್ಕದಲ್ಲಿದ್ದರೆ ದಿನಕ್ಕೆ ಐದು ಸೇದುವವನು 'ಒಂದೇ ಸಲ ಟ್ರೈ ಮಾಡಿದ್ದೆ' ಎನ್ನುತ್ತಾನೆ. ಇಲ್ಲಿ ಹೇಳಿದ್ದು ಅಪ್ಪನಿಗೂ ಹೋಗಲ್ಲ, ಕಾಲೇಜಿಗೂ ಹೋಗಲ್ಲ ಎಂದು ಕಿರಣನಿಗೆ ಮಾತು ಕೊಟ್ಟೆ. ಅವನು ತುಂಬ ಹೊತ್ತು ನೆಲ ನೋಡುತ್ತಾ ಕೂತಿದ್ದ. ಆಮೇಲೆ ಹೇಳಿದ.

ಶುರುವಾಗಿದ್ದು ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಹದಮಾಡುವ ಮನೆಯಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಸಾಲಾಗಿ ತೂಗುಹಾಕುತ್ತಾರೆ. ಆಮೇಲೆ ಸುಮಾರು ಒಂದು ವಾರ ಹಗಲು ರಾತ್ರಿ ಸೌದೆ ಉರಿ ಹಾಕಿ ಬೇಯಿಸಬೇಕು. ಉರಿ ಹೆಚ್ಚು ಕಡಿಮೆಯಾದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ರೇಟು ಬೀಳುತ್ತದೆ. ಹಾಗಾಗಿ ರಾತ್ರಿ ಯಾರಾದರೂ ಎದ್ದಿರಲೇಬೇಕು. ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಆ ಪಾಳಿ ಕಿರಣನಿಗೆ ಬಂತು. ನಿದ್ದೆ ತಡೆಯಲಾಗದೆ ತೂಕಡಿಸುತ್ತಿದ್ದಾಗ ಕೆಲಸದವರೊಬ್ಬರು ಸಿಗರೇಟು ಕೊಟ್ಟು, "ಎರಡು ದಮ್ ಎಳಿ, ನಿದ್ದೆ ಹೋಗುತ್ತೆ" ಎಂದರಂತೆ. ಅವರು ಕೆಟ್ಟವರಲ್ಲ, ಹುಡುಗನ ಮೇಲೆ ಅಕ್ಕರೆಯಿಂದಲೇ ಕೊಟ್ಟಿದ್ದು. ಆ ಸೀಸನ್ ಮುಗಿಯುವ ಹೊತ್ತಿಗೆ ಅವನೇ ಕೊಂಡು ಸೇದುತ್ತಿದ್ದ.

ಈಗ ದಿನಕ್ಕೆ ಐದು. ಬೆಳಿಗ್ಗೆ ಬಸ್ ಇಳಿದ ಕೂಡಲೇ ಕಾಲೇಜು ಗೇಟಿನ ಪಕ್ಕದ ಗೂಡಂಗಡಿಯಲ್ಲಿ ಟೀ ಜೊತೆ ಮೊದಲನೆಯದು. ಬಿಡಿಯಾಗಿ ಒಂದೊಂದೇ ಕೊಳ್ಳುತ್ತಾನೆ. ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರವಾಗಲಿ, ಅದರ ಕೆಳಗೆ ಅಚ್ಚಾಗಿರುವ ಸಹಾಯವಾಣಿ ನಂಬರಾಗಲಿ ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಬಿಡಿ ಮಾರಾಟ ಮಕ್ಕಳಿಗೆ ಮಾಡುವ ದೊಡ್ಡ ಕೇಡು ಇದೇ ಎಂದು ನನಗನಿಸುತ್ತದೆ. ಬೆಲೆ ಕೈಗೆಟುಕುತ್ತದೆ, ಎಚ್ಚರಿಕೆ ಮಾತ್ರ ಅಂಗಡಿಯ ಡಬ್ಬಿಯಲ್ಲೇ ಉಳಿಯುತ್ತದೆ.

ಉಸಿರು ಊದಿ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಚಿಕ್ಕ ಮೀಟರ್ ನಮ್ಮಲ್ಲಿದೆ. ಕಿರಣ ಊದಿದ. 13 ಬಂತು. ಸೇದದವರಲ್ಲಿ ಇದು ಸಾಮಾನ್ಯವಾಗಿ 6 ದಾಟುವುದಿಲ್ಲ. "ಬಿಟ್ಟರೆ ಎಷ್ಟು ದಿನಕ್ಕೆ ಇಳಿಯುತ್ತೆ?" ಎಂದು ಕೇಳಿದ. ಒಂದೆರಡು ದಿನ ಸಾಕು ಎಂದೆ. ನಂಬಲಿಲ್ಲ. ಅವನು ವಾಲಿಬಾಲ್ ಆಡುತ್ತಾನೆ, ಈಚೆಗೆ ಎರಡನೇ ಸೆಟ್ಟಿಗೇ ಏದುಸಿರು ಬರುತ್ತಿತ್ತು. ಕ್ಯಾನ್ಸರಿನ ಫೋಟೋ ತೋರಿಸಿದ್ದರೆ ಮುಖ ತಿರುಗಿಸಿ ಮರೆತುಬಿಡುತ್ತಿದ್ದ. ಹದಿನೇಳರ ಹುಡುಗನಿಗೆ ನಲವತ್ತನೇ ವಯಸ್ಸು ಬಹಳ ದೂರ. ನಾಳೆಯ ಮ್ಯಾಚು ಹತ್ತಿರ. ನಾನು ಮ್ಯಾಚಿನ ಬಗ್ಗೆ ಮಾತಾಡಿದೆ.

ಬಿಡುವ ದಿನವನ್ನು ಅವನೇ ಗೊತ್ತುಮಾಡಿದ, ಒಂದು ಭಾನುವಾರ. ಬಸ್ ಇಳಿಯುವ ಜಾಗ ಬದಲಾಯಿಸಿಕೊಳ್ಳಲು ಹೇಳಿದೆ. ಹಿಂದಿನ ಸ್ಟಾಪಿನಲ್ಲಿ ಇಳಿದು ನಡೆದರೆ ಗೂಡಂಗಡಿ ಎದುರಾಗುವುದಿಲ್ಲ. ಸೇದಬೇಕೆಂಬ ಚಡಪಡಿಕೆ ಬಂದರೆ ಕೆಲವು ನಿಮಿಷ ಜೋರಾಗಿರುತ್ತದೆ, ಸೇದಿದರೂ ಸೇದದಿದ್ದರೂ ಇಳಿಯುತ್ತದೆ. ಆ ಹೊತ್ತು ದಾಟಿಸಲು ನೀರು ಕುಡಿ, ದೀರ್ಘ ಉಸಿರು ತಗೋ, ಜಾಗ ಬಿಟ್ಟು ಏಳು ಎಂದೆ. ಜೇಬಿನಲ್ಲಿ ಏಲಕ್ಕಿ, ಲವಂಗ, ಸೋಂಪು ಇಟ್ಟುಕೊಳ್ಳಬಹುದು. ಅಡಿಕೆ ಬೇಡ, ಪಾನ್ ಮಸಾಲ ಬೇಡವೇ ಬೇಡ. ಸಿಗರೇಟು ಬಿಟ್ಟು ಪಾನ್ ಮಸಾಲಕ್ಕೆ ಬಿದ್ದು, ಬಾಯಿ ಬಿಗಿದು, ಮೂರು ಬೆರಳು ಒಳಗೆ ಹೋಗದಂತಾದ ಹುಡುಗರು ನಮ್ಮಲ್ಲಿಗೆ ಬರುತ್ತಾರೆ. ತಂಬಾಕು ಇಲ್ಲದಿದ್ದರೂ ಅಡಿಕೆಯೊಂದೇ ಇದಕ್ಕೆ ಸಾಕು.

ಅವನ ವಯಸ್ಸಿಗೆ, ಅವನು ಸೇದುವ ಪ್ರಮಾಣಕ್ಕೆ ಮಾತ್ರೆ, ಚೂಯಿಂಗ್ ಗಮ್ ಬೇಡ, ಸಲಹೆಯಿಂದಲೇ ನೋಡೋಣ ಎಂದು ನಮ್ಮ ಡಾಕ್ಟರು ಹೇಳಿದರು.

ಆಮೇಲೆ ತಂದೆಯನ್ನು ಒಳಗೆ ಕರೆದೆ. ಮಗ ಹೇಳಿದ್ದೇನೂ ಹೇಳಲಿಲ್ಲ. ನಿಮ್ಮದು ಹೇಗೆ ಎಂದು ಮಾತ್ರ ಕೇಳಿದೆ. ದಿನಕ್ಕೊಂದು ಕಟ್ಟು ಬೀಡಿ, ಹಾಸಿಗೆಯಿಂದ ಎದ್ದು ಮುಖ ತೊಳೆಯುವ ಮೊದಲೇ ಒಂದು. "ಬೀಡಿ ಪರವಾಗಿಲ್ಲ ಅಲ್ವಾ ಮೇಡಂ, ಸಿಗರೇಟೇ ಅಲ್ವಾ ಕೆಟ್ಟದ್ದು?" ಹಾಗಲ್ಲ. ಬೀಡಿ ಆರಿಹೋಗದಿರಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಟಾರು, ಕಾರ್ಬನ್ ಮೊನಾಕ್ಸೈಡ್ ಯಾವುದೂ ಸಿಗರೇಟಿಗಿಂತ ಕಡಿಮೆ ಹೋಗುವುದಿಲ್ಲ. ಅವರು ಸುಮ್ಮನಿದ್ದು, ಇನ್ನೊಂದು ಪ್ರಶ್ನೆ ಕೇಳಿದರು. ಅದು ಬಹಳ ದಿನದಿಂದ ಅವರೊಳಗೆ ಇದ್ದ ಪ್ರಶ್ನೆ.

"ನಾವು ಬೆಳೆಯೋದೇ ಅದು. ಇವನ ಫೀಸು ಕಟ್ಟೋದು ಅದರಿಂದ. ಮುಟ್ಟಬೇಡ ಅಂತ ಯಾವ ಬಾಯಲ್ಲಿ ಹೇಳಲಿ?"

ಈ ಸೀಮೆಯಲ್ಲಿ ಇದನ್ನು ಎದುರಿಸದೆ ಯಾವ ತಂಬಾಕು ಜಾಗೃತಿಯೂ ನಡೆಯಲ್ಲ. ತಂಬಾಕು ಮಂಡಳಿಯ ಲೈಸೆನ್ಸು, ಬ್ಯಾರನ್ ಸಾಲ, ಮಾರಲು ಗೊತ್ತಾದ ಹರಾಜು ಕಟ್ಟೆ, ಇದೆಲ್ಲ ಬಿಟ್ಟು ಬೇರೆ ಬೆಳೆಗೆ ಹೋಗುವುದು ಒಂದು ಮನೆಯ ಕೈಯಲ್ಲಿಲ್ಲ. ನಾನು ಹೇಳಿದ್ದಿಷ್ಟು: ಬೆಳೆಯ ವಿಚಾರ ಮಗನ ಮೈಮೇಲೆ ಹೊರಿಸಬೇಡಿ. ಅವನಿಗೆ ನಿಜ ಹೇಳಿ, ಇದರಿಂದ ದುಡ್ಡು ಬರುತ್ತದೆ, ಇದು ಮೈ ಕೆಡಿಸುತ್ತದೆ, ಎರಡೂ ನನಗೆ ಗೊತ್ತು ಅಂತ. ಮಕ್ಕಳಿಗೆ ನಿಜ ತಡೆದುಕೊಳ್ಳುವ ಶಕ್ತಿ ಇದೆ. ಅವರಿಗೆ ತಡೆಯಲಾಗದ್ದು ಬೀಡಿ ಸೇದುತ್ತಾ ಬೈಯುವ ಅಪ್ಪ. ಇನ್ನೊಂದು, ರಾತ್ರಿ ಪಾಳಿಗೆ ಮಗನನ್ನು ಕೂರಿಸಬೇಡಿ. ಇಬ್ಬನಿ ಹಿಡಿದ ಸೊಪ್ಪು ಮುರಿಯಲೂ ಕಳಿಸಬೇಡಿ. ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿದು ತಲೆಸುತ್ತು, ವಾಂತಿ ಬರಿಸುತ್ತದೆ. "ಹೌದು, ಅವರಮ್ಮನಿಗೂ ಹಂಗೇ ಆಗುತ್ತೆ. ಬಿಸಿಲಿಗೆ ಅಂದ್ಕೊಂಡಿದ್ವಿ" ಎಂದರು. ಕೈಗವಸು, ತುಂಬು ತೋಳಿನ ಅಂಗಿ ದೊಡ್ಡವರಿಗೂ ಬೇಕು.

ಮಗನ ಜೊತೆ ನಾನೂ ಬಿಡುತ್ತೇನೆ ಎಂದು ಅವರು ಹೇಳಿದ್ದು ಮುಂದಿನ ಭೇಟಿಯಲ್ಲಿ. ಎದ್ದ ಕೂಡಲೇ ಬೇಕೆನ್ನುವವರಿಗೆ ಬರೀ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರೆ ಅನ್ಯಾಯ. ಡಾಕ್ಟರು 4 ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟರು. ಅವರು ಅದನ್ನು ಎಲೆಅಡಿಕೆ ಹಾಗೆ ಅಗಿದು ರಸ ನುಂಗಿ, ಬಿಕ್ಕಳಿಕೆ ಬಂದು, ಇದು ಆಗಲ್ಲ ಎಂದು ವಾಪಸು ತಂದರು. ತುಂಬ ಜನ ಇಲ್ಲೇ ಕೈಬಿಡುತ್ತಾರೆ. ಗಮ್ ಅನ್ನು ನಿಧಾನವಾಗಿ ಅಗಿಯಬೇಕು, ಬಾಯಿ ಚುರುಚುರು ಎಂದಾಗ ನಿಲ್ಲಿಸಿ ಕೆನ್ನೆಗೂ ವಸಡಿಗೂ ನಡುವೆ ಒತ್ತಿ ಇಡಬೇಕು. ಚುರುಚುರು ಹೋದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಮೊದಲಿನ ಕಾಲು ಗಂಟೆಯಲ್ಲಿ ಕಾಫಿ, ಟೀ ಕುಡಿದಿರಬಾರದು. ನನ್ನೆದುರಿಗೇ ಒಂದು ಹಾಕಿಸಿ, ಗಡಿಯಾರ ನೋಡುತ್ತಾ ಕೂತೆವು.

ತಾಯಿಗೆ ಫೋನಿನಲ್ಲಿ ಹೇಳಿದೆ: ಮೊದಲ ಎರಡು ಮೂರು ದಿನ ಇಬ್ಬರೂ ಸಿಡಿಮಿಡಿ ಎನ್ನುತ್ತಾರೆ, ನಿದ್ದೆ ಕೆಡುತ್ತದೆ, ಹಸಿವು ಜಾಸ್ತಿ. ಮೂರು ನಾಲ್ಕು ವಾರದಲ್ಲಿ ಇಳಿಯುತ್ತದೆ. ಮಗನ ಅಂಗಿ ಮೂಸಿ ನೋಡಬೇಡಿ.

ಮೂರನೇ ವಾರ ಊರಹಬ್ಬದಲ್ಲಿ ಕಿರಣ ಗೆಳೆಯರ ಜೊತೆ ಎರಡು ಸೇದಿದ. ಮುಖ ಸಪ್ಪಗೆ ಮಾಡಿಕೊಂಡು ಬಂದು ತಾನೇ ಹೇಳಿದ. ಸೇದಿದ್ದಕ್ಕಿಂತ ಹೇಳಿದ್ದು ದೊಡ್ಡದು. ಎಲ್ಲಿ, ಯಾರ ಜೊತೆ, ಏನು ಹೇಳಿದ್ದರೆ ತಪ್ಪಿಸಿಕೊಳ್ಳಬಹುದಿತ್ತು ಎಂದು ಕೂತು ನೋಡಿದೆವು. "ಕೋಚ್ ಬೈತಾರೆ" ಎಂದರೆ ಗೆಳೆಯರು ಒತ್ತಾಯ ಮಾಡಲ್ಲ ಎಂದು ಅವನೇ ಉಪಾಯ ಹುಡುಕಿದ. ಬಿಟ್ಟಿದ್ದು ಹಾಳಾಯಿತು ಎಂದುಕೊಳ್ಳಬೇಡ, ಇವತ್ತಿನಿಂದ ಮುಂದುವರಿಸು ಎಂದೆ. ಮುಂದಿನ ಸಲ ಮೀಟರು 3 ತೋರಿಸಿತು. ಎರಡು ಸಲ ಊದಿ ನೋಡಿದ.

ಕಿರಣನ ಒಪ್ಪಿಗೆ ತೆಗೆದುಕೊಂಡು ಪ್ರಾಂಶುಪಾಲರನ್ನು ಕಂಡೆ. ಕೋಟ್ಪಾ, ಅಂದರೆ ದೇಶದ ತಂಬಾಕು ನಿಯಂತ್ರಣ ಕಾಯ್ದೆ, ಬಂದದ್ದು 2003ರಲ್ಲಿ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ನಮ್ಮಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಬಿಡಿ ಸಿಗರೇಟು ಮಾರುವಂತಿಲ್ಲ, ಶಿಕ್ಷಣ ಸಂಸ್ಥೆಯಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಮಾರಿದ್ದು ತಪ್ಪು ಎನ್ನುತ್ತದೆ ಕಾಯ್ದೆ. ಕೊಂಡ ಮಗುವಿಗೆ ಟಿಸಿ ಕೊಡಿ ಎಂದು ಎಲ್ಲೂ ಹೇಳಿಲ್ಲ. ಗೂಡಂಗಡಿ ಹಾಗೇ ಇದ್ದು ಹುಡುಗ ಹೊರಗೆ ಹೋದರೆ, ಅವನಿಗೆ ದಿನವಿಡೀ ಸೇದಲು ಬಿಡುವು ಸಿಕ್ಕಂತೆ. ಪ್ರಾಂಶುಪಾಲರು ಟಿಸಿ ಮಾತು ಬಿಟ್ಟರು.

ನಮ್ಮ ರಾಜ್ಯದಲ್ಲಿ ಗುಲಾಬಿ ಆಂದೋಲನ ಎಂದು ಮಾಡುತ್ತಾರೆ. ವಿದ್ಯಾರ್ಥಿಗಳು ಅಂಗಡಿಯವರಿಗೆ, ಸೇದುವವರಿಗೆ ಗುಲಾಬಿ ಕೊಟ್ಟು ಬೇಡ ಎಂದು ಕೇಳಿಕೊಳ್ಳುವುದು. ಈ ಕಾಲೇಜಿನಲ್ಲೂ ಆಯಿತು. ಮಕ್ಕಳು ತಾವಾಗಿ ಮುಂದೆ ಬರುವುದು ನನಗೆ ಇಷ್ಟ. ಆದರೆ ಹೂವು ಕೊಟ್ಟು ಫೋಟೋ ತೆಗೆದು ಹೋದರೆ ಮಾರನೇ ದಿನ ವ್ಯಾಪಾರ ಯಥಾಪ್ರಕಾರ. ಇಲ್ಲಿ ಉಪನ್ಯಾಸಕರೊಬ್ಬರು ಆ 100 ಮೀಟರ್ ಗಡಿ ಕಾಣುವಂತೆ ರಸ್ತೆಯಲ್ಲಿ ಹಳದಿ ಗೆರೆ ಎಳೆಸಿ, ಪಂಚಾಯಿತಿಯವರನ್ನು ಕರೆದು, ವಾರಕ್ಕೊಮ್ಮೆ ಹೋಗಿ ಮಾತಾಡಿಸಿ ಬರುತ್ತಾರೆ. ಅಂಗಡಿಯಮ್ಮ, "ಸಿಗರೇಟು ಇಲ್ಲಾಂದ್ರೆ ಹುಡುಗ್ರು ಟೀಗೂ ಬರಲ್ಲ" ಎಂದು ಅತ್ತರಂತೆ. ಅವರ ಕಷ್ಟವೂ ನಿಜ. ಕಾಲೇಜಿನವರು ಕಾರ್ಯಕ್ರಮಗಳ ಟೀ, ತಿಂಡಿ ಅವರಿಗೇ ಹೇಳತೊಡಗಿದರು. ಈಗ ಆ ಡಬ್ಬಿ ಅಲ್ಲಿಲ್ಲ.

ಕಿರಣ ಬಿಟ್ಟು ಆರು ತಿಂಗಳಾಯಿತು. ಅವನ ತಂದೆ ದಿನಕ್ಕೆ ಎರಡು ಬೀಡಿಗೆ ಇಳಿದಿದ್ದಾರೆ, ಬೆಳಗಿನದನ್ನು ಬಿಡುವುದು ಇನ್ನೂ ಕಷ್ಟವಾಗುತ್ತಿದೆ. ಗಮ್ ನಿಲ್ಲಿಸಬೇಡಿ, ಮುಂದಿನ ತಿಂಗಳು ಬನ್ನಿ ಎಂದಿದ್ದೇನೆ.

ನಿಮ್ಮ ಮನೆಯಲ್ಲೂ ಹೀಗಿದ್ದರೆ 1800-11-2356 ನಂಬರಿಗೆ ಕರೆ ಮಾಡಿ. ಉಚಿತ, ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಮಗನಿಗಾಗಿ ಕರೆ ಮಾಡುವವರು ಅವನಿಗೆ ತಿಳಿಸಿಯೇ ಮಾಡಿ. ನೀವೂ ಸೇದುವವರಾದರೆ ಮೊದಲು ನಿಮ್ಮ ಹೆಸರು ಹೇಳಿ.