ಆ ಬಾಗಿಲು ಯಾಕೆ ಮುಚ್ಚಿತ್ತು?

ಪ್ರಿಯ ಮೇಡಂ,

ನಿಮ್ಮ ನಾಲ್ಕು ಪುಟದ ಪತ್ರ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಎರಡು ಸಾಲು ಗೀಚಿ ಕಳಿಸುವಂಥ ಪತ್ರ ಅದಾಗಿರಲಿಲ್ಲ. ನೀವು ಒಪ್ಪಿಗೆ ಕೊಟ್ಟಿರುವುದರಿಂದ ಉತ್ತರವನ್ನು ಇಲ್ಲೇ ಅಚ್ಚು ಹಾಕುತ್ತಿದ್ದೇನೆ. ನಿಮ್ಮ ಪ್ರಶ್ನೆಗಳು ಬೇರೆಯವರ ಮನಸ್ಸಿನಲ್ಲೂ ಇರಬಹುದು.

ಉಳಿದ ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ಆಸ್ಟ್ರಿಯಾದಲ್ಲಿ ಸೇಂಟ್ ವೋಲ್ಫ್‌ಗಾಂಗ್ ಅಂತ ಒಂದು ಊರಿದೆ. ಸರೋವರದ ದಂಡೆಯ ಸಣ್ಣ ಊರು. ಅಲ್ಲಿನ ಹಳೆಯ ಚರ್ಚಿನ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಹಿಂದೆ ಒಂದು ಪ್ರವಾಸ ಲೇಖನ ಬಂದಿತ್ತು. ಈ ಓದುಗರು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಮಾರ್ಚ್‌ನಲ್ಲಿ ಮ್ಯೂನಿಕ್‌ನ ಮಗನ ಮನೆಗೆ ಹೋದಾಗ ಹಟ ಹಿಡಿದು ಅಲ್ಲಿಗೆ ಹೋಗಿ ಬಂದರು. ಪತ್ರದ ಸಾರ ಇಷ್ಟು: "ನಿಮ್ಮ ಲೇಖನದ ತುಂಬ ಚಿನ್ನದ ಮಾತು. ನಾವು ನೋಡಿದ್ದು ಬಾಗಿಲು ಹಾಕಿದ ಒಂದು ದೊಡ್ಡ ಕಪಾಟು, ಅದರ ಮೇಲೆ ನಾಲ್ಕು ಮಂಕು ಚಿತ್ರ. ಅಷ್ಟು ದೂರ ಹೋಗಿ ಸುಮ್ನೆ ಬಂದ ಹಾಗಾಯಿತು. ಬಾಗಿಲು ಯಾಕೆ ಮುಚ್ಚಿದ್ದರು? ಒಂದು ಹಳ್ಳಿಗೆ ಅಂಥ ಕೆಲಸ ಮಾಡಿಸುವ ಶಕ್ತಿ ಎಲ್ಲಿಂದ ಬಂತು? ಇನ್ನೊಂದು ಮಾತು, ಆ ಹಳೆಯ ಕಟ್ಟಡದೊಳಗೆ ಕಪ್ಪು ಮತ್ತು ಚಿನ್ನದ ಬಣ್ಣದ ಜೋಡಿ ಬಲಿಪೀಠ ತಂದಿಟ್ಟು ಅಂದ ಕೆಡಿಸಿದ್ದಾರಲ್ವಾ?"

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ನೀವು ಕಪಾಟು ಅಂದಿರಲ್ಲ, ಅದು ಚರ್ಚಿನ ಮುಖ್ಯ ಬಲಿಪೀಠ, ಅಂದರೆ ಪೂಜೆ ನಡೆಯುವ ಪೀಠ. ಅದಕ್ಕೆ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಮುಖ ಅನ್ನುವುದನ್ನು ನಮ್ಮ ಲೇಖನ ಹೇಳಲೇ ಇಲ್ಲ. ಹೇಳಬೇಕಿತ್ತು. ಅದನ್ನು ಓದಿ ಅಚ್ಚಿಗೆ ಕಳಿಸಿದವನು ನಾನು. ಆದರೆ "ಸುಮ್ನೆ ಬಂದ ಹಾಗಾಯಿತು" ಅಂತ ಬರೆದಿದ್ದೀರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಆ ಬಲಿಪೀಠವನ್ನು ಮಾಡಿದವನು ಮಿಖಾಯೆಲ್ ಪಾಖರ್. ಆಲ್ಪ್ಸ್ ಬೆಟ್ಟಗಳ ಆಚೆ ಬ್ರೂನೆಕ್ ಎಂಬ ಊರಿನಲ್ಲಿ ಅವನ ಕಾರ್ಯಾಗಾರವಿತ್ತು. ಆ ಊರು ಈಗ ಇಟಲಿಗೆ ಸೇರಿದೆ. ಆ ಕಾಲದಲ್ಲಿ ಮರ ಕೆತ್ತುವವರು ಬೇರೆ, ಚಿತ್ರ ಬರೆಯುವವರು ಬೇರೆ. ಪಾಖರ್‌ಗೆ ಎರಡೂ ಕೈಹಿಡಿದಿತ್ತು. ಅವನು ಮಾಡಿದ್ದು ರೆಕ್ಕೆ ಬಲಿಪೀಠ. ನಡುವೆ ಆಳವಾದ ಮರದ ಗೂಡು, ಅದರೊಳಗೆ ಕೆತ್ತಿದ ಮೂರ್ತಿಗಳು. ಗೂಡಿನ ಎರಡೂ ಪಕ್ಕಕ್ಕೆ ಬಾಗಿಲುಗಳು, ಒಂದರ ಮೇಲೊಂದು ಮಡಚುವಂತೆ ಎರಡೆರಡು. ಬಾಗಿಲಿನ ಮೈಮೇಲೆಲ್ಲ ಚಿತ್ರ. ಗೂಡಿನ ಕೆಳಗೆ ಪೆಟ್ಟಿಗೆಯಂಥ ಇನ್ನೊಂದು ಸಣ್ಣ ಅಂಕಣ. ಮೇಲೆ ಬಳ್ಳಿ ಹಬ್ಬಿದ ಹಾಗೆ ಎದ್ದ ಮರದ ಶಿಖರ. ಎಲ್ಲ ಸೇರಿ ಸುಮಾರು 12 ಮೀಟರ್ ಎತ್ತರ.

ಈ ಬಾಗಿಲುಗಳು ಧೂಳು ತಡೆಯುವುದಕ್ಕೆ ಇಟ್ಟವಲ್ಲ. ಅವೇ ಊರಿನ ಪಂಚಾಂಗ. ಮಾಮೂಲಿ ದಿನಗಳಲ್ಲಿ ಪೂರ್ತಿ ಮುಚ್ಚಿರುತ್ತಿದ್ದವು. ಆಗ ಕಾಣುತ್ತಿದ್ದುದು ಸಂತ ವೋಲ್ಫ್‌ಗಾಂಗರ ಬದುಕಿನ ನಾಲ್ಕು ಚಿತ್ರ. ಭಾನುವಾರ ಒಂದು ಜೊತೆ ತೆರೆದರೆ ಯೇಸುವಿನ ಬದುಕಿನ ಎಂಟು ಚಿತ್ರ ಎದುರಾಗುತ್ತಿದ್ದವು. ದೊಡ್ಡ ಹಬ್ಬಕ್ಕೆ ಎರಡನೆಯ ಜೊತೆಯೂ ತೆರೆಯುತ್ತಿತ್ತು. ಚಿನ್ನ ಕಾಣುತ್ತಿದ್ದುದು ಆವಾಗಲೇ. ಹೊರಮುಖ ಸರಳ, ಒಳಗೆ ಹೋದ ಹಾಗೆ ಜಾಸ್ತಿ ಬೆಲೆ, ಜಾಸ್ತಿ ಹೊಳಪು. ಇದು ಆ ಬಗೆಯ ಬಲಿಪೀಠಗಳ ಕ್ರಮ.

ನೀವು ಹೋಗಿದ್ದು ಮಾರ್ಚ್‌ನಲ್ಲಿ. ಅದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ. ನಲವತ್ತು ದಿನ ಉಪವಾಸ, ಪಶ್ಚಾತ್ತಾಪ, ಅಲಂಕಾರ ಕಮ್ಮಿ. ಅಂಥ ಹೊತ್ತಿನಲ್ಲಿ ಚಿನ್ನದ ಮುಖ ತೆರೆದಿಡುವುದಿಲ್ಲ. ಹಾಗಾಗಿ ನಿಮಗೆ ಯಾರೂ ಮೋಸ ಮಾಡಿಲ್ಲ ಮೇಡಂ. ನೀವು ಆ ಬಲಿಪೀಠವನ್ನು ಅದರ ನೇಮದ ದಿನದಲ್ಲಿ ನೋಡಿದ್ದೀರಿ. ಈಗೀಗ ಬೇಸಿಗೆಯಲ್ಲಿ ಬಾಗಿಲು ತೆರೆದೇ ಇರುತ್ತದೆ, ಆಗ ಹೋಗುವ ಪ್ರವಾಸಿಗರಿಗೆ ಆ ಮುಚ್ಚಿದ ಮುಖ ಸಿಗುವುದು ಕಷ್ಟ. ಕೆಲವು ವರ್ಷದ ಹಿಂದೆ ನಾನು ಜುಲೈನಲ್ಲಿ ಹೋಗಿದ್ದೆ. ಆ ನಾಲ್ಕು ಚಿತ್ರ ನನಗೆ ಕಾಣಲಿಲ್ಲ. ನಿಮ್ಮ ಪತ್ರ ಓದುವಾಗ ನನಗೆ ನಿಜವಾಗಿ ಆಸೆಯಾಯಿತು.

ಆ ನಾಲ್ಕರಲ್ಲಿ ಏನಿದೆ ಅಂತ ನೆನಪು ಮಾಡಿಕೊಳ್ಳಿ. ಒಂದರಲ್ಲಿ ಸಂತರು ಉಪದೇಶ ಮಾಡುತ್ತಿದ್ದಾರೆ. ಒಂದರಲ್ಲಿ ಚರ್ಚು ಕಟ್ಟುತ್ತಿದ್ದಾರೆ. ಒಂದರಲ್ಲಿ ದೆವ್ವ ಹಿಡಿದ ಹೆಂಗಸನ್ನು ಗುಣಪಡಿಸುತ್ತಿದ್ದಾರೆ. ಇನ್ನೊಂದರಲ್ಲಿ ಬಡವರಿಗೆ ಕಾಳು ಹಂಚುತ್ತಿದ್ದಾರೆ. ನಾಲ್ಕೂ ದುಡಿಮೆಯ ಚಿತ್ರಗಳೇ. ವಾರದ ದಿನ ಕೆಲಸದ ನಡುವೆ ಒಂದು ಗಳಿಗೆ ಬಂದು ಮಂಡಿಯೂರುವ ಬೆಸ್ತ, ಮರ ಕಡಿಯುವವನು, ದೂರದಿಂದ ನಡೆದುಬಂದ ಯಾತ್ರಿಕ, ಇವರ ಕಣ್ಣಿಗೆ ಬೀಳಬೇಕಾದದ್ದು ಇವೇ ಅಲ್ವಾ? ಬಣ್ಣ ಮಂಕು ಅಂದಿರಿ. ಒಳಗಿನವಕ್ಕೆ ಹೋಲಿಸಿದರೆ ಹೌದು. ಹೊರಗಿನ ಈ ನಾಲ್ಕು ಬಹುಪಾಲು ಪಾಖರನ ಕಾರ್ಯಾಗಾರದವರ ಕೈಕೆಲಸ ಅಂತ ಕಲಾ ಇತಿಹಾಸಕಾರರೂ ಹೇಳುತ್ತಾರೆ.

ಈ ಸಂತರು ಯಾರು ಅನ್ನುವುದಕ್ಕೂ ನಿಮ್ಮ ಎರಡನೆಯ ಪ್ರಶ್ನೆಗೂ ನಂಟಿದೆ. ವೋಲ್ಫ್‌ಗಾಂಗರು 972ರಿಂದ ಈಗಿನ ಜರ್ಮನಿಯ ರೇಗೆನ್ಸ್‌ಬರ್ಗಿನ ಧರ್ಮಾಧ್ಯಕ್ಷರಾಗಿದ್ದರು (ಬಿಷಪ್). 976ರ ಹೊತ್ತಿಗೆ ಚಕ್ರವರ್ತಿಗೂ ಬವೇರಿಯಾದ ದೊರೆಗೂ ಜಗಳ ಹತ್ತಿದಾಗ ಇತ್ತ ಮೊಂಡ್‌ಸೇ ಮಠಕ್ಕೆ ಬಂದು ಸ್ವಲ್ಪ ಕಾಲ ಇದ್ದರು. ಇದು ಇತಿಹಾಸ. ಊರವರು ಹೇಳುವ ಕತೆ ಇನ್ನೂ ಚೆನ್ನಾಗಿದೆ. ಸಂತರು ಫಾಲ್ಕೆನ್‌ಸ್ಟೈನ್ ಬೆಟ್ಟದ ಮೇಲೆ ಒಬ್ಬರೇ ತಪಸ್ಸಿಗೆ ಕೂತಿದ್ದರಂತೆ. ಒಂದು ದಿನ ಅಲ್ಲಿಂದ ಕೊಡಲಿ ಎಸೆದು, ಅದು ಬಿದ್ದ ಕಡೆ ಚರ್ಚು ಕಟ್ಟುತ್ತೇನೆ ಅಂದರಂತೆ. ಕೊಡಲಿ ಸಿಕ್ಕಿದ್ದು ಸರೋವರದ ಮೇಲಿನ ಈ ಬಂಡೆಯ ಮೇಲೆ. ಕಟ್ಟುವುದಕ್ಕೆ ಸೈತಾನ ಕೈಜೋಡಿಸಿದ. ಚರ್ಚಿನೊಳಗೆ ಮೊದಲು ಕಾಲಿಡುವ ಜೀವ ನನಗೆ ಸೇರಬೇಕು ಅಂತ ಕರಾರು ಹಾಕಿದ. ಮೊದಲು ಒಳಗೆ ಬಂದದ್ದು ಒಂದು ತೋಳ! ಸಂತರ ಮೂರ್ತಿಯ ಒಂದು ಕೈಯಲ್ಲಿ ಪುಟ್ಟ ಚರ್ಚು, ಪಕ್ಕದಲ್ಲಿ ಕೊಡಲಿ ಇರುತ್ತದಲ್ಲ, ಅದರ ಹಿಂದಿರುವುದು ಈ ಕತೆಯೇ.

ಕತೆ ನಂಬಿ ಜನ ಬಂದರು. ಮಧ್ಯಯುಗದ ಕೊನೆಯ ಹೊತ್ತಿಗೆ ಯುರೋಪಿನ ದೊಡ್ಡ ಯಾತ್ರಾಸ್ಥಳಗಳಲ್ಲಿ ಇದೂ ಒಂದಾಗಿತ್ತು. ಊರು ಸಣ್ಣದು, ಆದರೆ ಹರಕೆ ಹೊತ್ತು ಬರುವವರ ಸಾಲು ಉದ್ದ. ಊರಿನ ಹಿಂದೆ ಮೊಂಡ್‌ಸೇ ಮಠವಿತ್ತು. 748ರಲ್ಲಿ ಶುರುವಾದ ಶ್ರೀಮಂತ ಮಠ ಅದು. ಚರ್ಚು ಆ ಮಠದ ಕೈಕೆಳಗಿತ್ತು. ದುಡ್ಡು ಎಲ್ಲಿಂದ ಬಂತು ಅಂತ ಕೇಳಿದಿರಲ್ಲ, ಈ ಎರಡು ಕಡೆಯಿಂದ.

1429ರಲ್ಲಿ ಹಳೆಯ ಚರ್ಚು ಬೆಂಕಿಗೆ ಹೋಯಿತು. ನೀವು ನೋಡಿದ ಕಟ್ಟಡ ಅದರ ನಂತರದ್ದು. ಕಟ್ಟುತ್ತಾ ಕಟ್ಟುತ್ತಾ ಸುಮಾರು ಐವತ್ತು ವರ್ಷ ಹಿಡಿಯಿತು. ಬಲಿಪೀಠ ನಿಲ್ಲುವ ಕಡೆಯ ಭಾಗ ಮುಗಿದದ್ದು 1477ರಲ್ಲಿ. ಗೋಥಿಕ್ ಶೈಲಿಯ ಕೊನೆಯ ಘಟ್ಟ ಅದು. ಚಾವಣಿಯ ಭಾರವನ್ನು ಕಲ್ಲಿನ ಪಕ್ಕೆಲುಬುಗಳು ಹೊತ್ತು ಕಂಬಕ್ಕೆ ಇಳಿಸುತ್ತವೆ. ಗೋಡೆಗೆ ಹೊರೆ ಕಮ್ಮಿ. ಹಾಗಾಗಿ ಗೋಡೆ ಕೊರೆದು ಉದ್ದುದ್ದ ಕಿಟಕಿ ಇಡಬಹುದು. ಬಲಿಪೀಠದ ಹಿಂದಿನ ಕಿಟಕಿಗಳಿಂದ ಬೆಳಕು ಆ ಮರದ ಶಿಖರದ ಸಂದುಗಳಲ್ಲಿ ತೂರಿ ಬರುವುದನ್ನು ನೀವು ಗಮನಿಸಿರಬಹುದು. ಬಾಗಿಲು ಮುಚ್ಚಿದ್ದರೂ ಅದು ಕಾಣುತ್ತದೆ. ಹೊರಗಿನಿಂದ ದೊಡ್ಡದೇನೂ ಅನ್ನಿಸಲಿಲ್ಲ ಅಂತ ಬರೆದಿದ್ದೀರಿ. ನಿಜ. ಒಂದು ಕಡೆ ಸರೋವರ, ಇನ್ನೊಂದು ಕಡೆ ಬೆಟ್ಟ, ಮಧ್ಯೆ ಸಿಕ್ಕ ಬಂಡೆಯ ಮೇಲೆ ಹೊಂದಿಸಿಕೊಂಡು ಕಟ್ಟಿದ್ದು ಅದು.

ಇಲ್ಲಿ ವರ್ಷಗಳನ್ನು ಸ್ವಲ್ಪ ಜೋಡಿಸಿ ನೋಡಿ. ಮೊಂಡ್‌ಸೇ ಮಠಾಧಿಪತಿ ಬೆನೆಡಿಕ್ಟ್ ಅವರು ಪಾಖರನ ಜೊತೆ ಕರಾರು ಮಾಡಿಕೊಂಡದ್ದು 1471ರ ಡಿಸೆಂಬರ್ 13ರಂದು. ಅಂದರೆ ಕಟ್ಟಡ ಮುಗಿಯುವುದಕ್ಕೆ ಆರು ವರ್ಷ ಮೊದಲೇ. ಒಂದು ಕಡೆ ಕಲ್ಲುಕುಟಿಗರು ಚಾವಣಿ ಏರಿಸುತ್ತಿದ್ದರು, ಬೆಟ್ಟದಾಚೆ ಪಾಖರ್ ಮರ ಕೆತ್ತುತ್ತಿದ್ದ. ಒಪ್ಪಿದ ಬೆಲೆ 1,200 ಹಂಗೇರಿ ಚಿನ್ನದ ನಾಣ್ಯ. ಕರಾರು ಉಳಿದುಬಂದಿದೆ. ನನಗೆ ಅದರಲ್ಲಿ ಬಹಳ ಇಷ್ಟವಾದ ಮಾತು ಒಂದಿದೆ. ಕೆಲಸ ಮುಗಿದ ಮೇಲೆ ಅದು ಆ ಬೆಲೆ ಬಾಳುವುದಿಲ್ಲ, ಇಲ್ಲವೇ ಅದಕ್ಕಿಂತ ಜಾಸ್ತಿ ಬಾಳುತ್ತದೆ ಅನ್ನಿಸಿದರೆ, ಎರಡೂ ಕಡೆಯವರು ಸಮ ಸಂಖ್ಯೆಯಲ್ಲಿ ತಿಳಿದವರನ್ನು ಕರೆಸಿ ತೀರ್ಮಾನ ಮಾಡಬೇಕು. ಐನೂರೈವತ್ತು ವರ್ಷದ ಹಿಂದೆ ಒಬ್ಬ ಕುಶಲಕರ್ಮಿಗೆ ಒಂದು ದೊಡ್ಡ ಮಠ ಕೊಟ್ಟ ಮರ್ಯಾದೆ ಇದು.

ಕೆಲಸ ಮುಗಿದದ್ದು 1481ರಲ್ಲಿ. ಹತ್ತು ವರ್ಷ. ಅಷ್ಟನ್ನೂ ಬಿಚ್ಚಿ, ಕಟ್ಟಿ, ಆಲ್ಪ್ಸ್ ದಾಟಿಸಿ, ಇನ್ ನದಿಯಲ್ಲಿ ದೋಣಿಯ ಮೇಲೆ ಸಾಗಿಸಿ, ಮತ್ತೆ ಗಾಡಿಯಲ್ಲಿ ಇಲ್ಲಿಗೆ ತಂದು ನಿಲ್ಲಿಸಿದರು. ಪಾಖರನ ಹೆಸರು, ಮಠಾಧಿಪತಿಯ ಹೆಸರು, ವರ್ಷ, ಮೂರೂ ಚೌಕಟ್ಟಿನ ಮೇಲೆ ಇವೆ.

ಒಳಗೆ ಏನಿದೆ ಅಂತ ಹೇಳುತ್ತೇನೆ, ನೀವು ನೋಡದ ಭಾಗ. ನಡುವಿನ ಗೂಡಿನಲ್ಲಿ ಮರಿಯ ಮಾತೆಯ ಕಿರೀಟಧಾರಣೆ. ಮಾತೆ ಮಂಡಿಯೂರಿದ್ದಾಳೆ, ಯೇಸು ಕೈಯೆತ್ತಿ ಆಶೀರ್ವಾದ ಮಾಡುತ್ತಿದ್ದಾನೆ. ಸುತ್ತ ದೇವದೂತರು. ಎಡಬಲಕ್ಕೆ ಸಂತ ವೋಲ್ಫ್‌ಗಾಂಗರು ಮತ್ತು ಸಂತ ಬೆನೆಡಿಕ್ಟರು (ಮಠಾಧಿಪತಿಯಲ್ಲ, ಅದೇ ಹೆಸರಿನ ಹಳೆಯ ಸಂತರು). ಬಟ್ಟೆಯ ಮಡಿಕೆಗಳು ಎಷ್ಟು ಆಳ ಅಂದರೆ, ಚಿನ್ನದ ನಡುವೆ ಕತ್ತಲೆ ನಿಂತಿರುತ್ತದೆ. ನಾನು ನೋಡುವಾಗ ಮೋಡ ಸರಿದು ಬಿಸಿಲು ಬಂತು. ಗೂಡಿನೊಳಗೆ ಯಾರೋ ಅಲುಗಿದ ಹಾಗಾಯಿತು. ಬಾಗಿಲಿನ ಒಳಮೈ ಮೇಲೆ ಯೇಸುವಿನ ಜನನ, ಸುನ್ನತಿ, ದೇವಾಲಯದಲ್ಲಿ ಸಮರ್ಪಣೆ, ಮರಿಯ ಮಾತೆಯ ಮರಣ. ಸುನ್ನತಿಯ ಚಿತ್ರದಲ್ಲಿ ಪಕ್ಕೆಲುಬು ಚಾವಣಿಯ ಗೋಥಿಕ್ ಚರ್ಚೊಂದು ಒಳಕ್ಕೆ ಒಳಕ್ಕೆ ಹೋಗುತ್ತದೆ. ಆ ಆಳ ತೋರಿಸುವ ವಿದ್ಯೆ ಪಾಖರ್‌ಗೆ ಇಟಲಿಯ ಚಿತ್ರಕಾರರಿಂದ, ಅದರಲ್ಲೂ ಮಾಂಟೆನ್ಯಾನ ಕೆಲಸದಿಂದ ಬಂತು. ಭಾನುವಾರದ ಎಂಟು ಚಿತ್ರಗಳಲ್ಲಿ ಕಾನಾ ಊರಿನ ಮದುವೆ, ಐದು ಸಾವಿರ ಜನರಿಗೆ ರೊಟ್ಟಿ ಹಂಚಿದ್ದು, ಸತ್ತುಹೋಗಿದ್ದ ಲಾಜರನನ್ನು ಬದುಕಿಸಿ ಎಬ್ಬಿಸಿದ್ದು ಎಲ್ಲ ಇವೆ. ಗೂಡಿನ ಹೊರಪಕ್ಕದಲ್ಲಿ ಸಂತ ಜಾರ್ಜ್ ಮತ್ತು ಸಂತ ಫ್ಲೋರಿಯನ್ ಕಾವಲು ನಿಂತಿದ್ದಾರೆ. ಇವರು ಮುಂಭಾಗಕ್ಕೆ ಬರುವುದೇ ಬಾಗಿಲು ಮುಚ್ಚಿದಾಗ. ಹಾಗಾಗಿ ಇವರನ್ನು ನೀವು ನನಗಿಂತ ಚೆನ್ನಾಗಿ ನೋಡಿರುತ್ತೀರಿ.

ಈಗ ಆ ಕಪ್ಪು-ಚಿನ್ನದ ಜೋಡಿ ಬಲಿಪೀಠ. ಅದು ಥಾಮಸ್ ಶ್ವಾಂಥಾಲರ್ ಎಂಬ ಶಿಲ್ಪಿ 1675-76ರಲ್ಲಿ ಮಾಡಿದ್ದು. ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ಗಲಾಟೆಯಲ್ಲಿ ಯಾತ್ರೆ ಸೊರಗಿಹೋಗಿತ್ತು. ನೂರು ವರ್ಷದ ಮೇಲೆ ಮತ್ತೆ ಜನ ಬರತೊಡಗಿದರು. ಆ ಹೊತ್ತಿಗೆ ಗೋಥಿಕ್ ಹೋಗಿ, ಆಡಂಬರ ತುಂಬಿದ ಬರೋಕ್ ಶೈಲಿಯ ಕಾಲ. ಒಂದು ಬದಿಯಲ್ಲಿ ಪುಟ್ಟ ಯೇಸು ಅಪ್ಪ ಅಮ್ಮನ ಜೊತೆ ಜೆರುಸಲೇಮಿಗೆ ಯಾತ್ರೆ ಹೊರಟಿದ್ದಾನೆ. ಇನ್ನೊಂದು ಬದಿ ಸಂತ ವೋಲ್ಫ್‌ಗಾಂಗರದು. ಕಾಲು ಸೋತು ಬಂದ ಯಾತ್ರಿಕರ ಕಣ್ಣಿಗೆ ಯಾತ್ರೆ ಹೊರಟ ಒಂದು ಸಂಸಾರ ಬೀಳುತ್ತದೆ. ನನಗಂತೂ ಅದು ಅಂದ ಕೆಡಿಸಿದ ಹಾಗೆ ಕಾಣಲಿಲ್ಲ.

ಇನ್ನೊಂದು ಮಾತು ಊರಲ್ಲಿ ಹೇಳುತ್ತಾರೆ. ಪಾಖರನ ಬಲಿಪೀಠ ಹಳೆಯದಾಯಿತು, ಕಿತ್ತು ಹೊಸದು ಇಡೋಣ ಅಂತ ಮಠಾಧಿಪತಿಗೆ ಮನಸ್ಸಿತ್ತಂತೆ. ಬೇಡ, ಅದು ಅಲ್ಲೇ ಇರಲಿ, ನನ್ನದಕ್ಕೆ ಬೇರೆ ಜಾಗ ಕೊಡಿ ಅಂದವನು ಶ್ವಾಂಥಾಲರನೇ ಅಂತೆ. ಕತೆಯನ್ನು ಕತೆಯಾಗಿಯೇ ಇಟ್ಟುಕೊಳ್ಳಿ. ಆದರೆ ಆ ಕಾಲದಲ್ಲಿ ಸುತ್ತಲಿನ ಎಷ್ಟೋ ಚರ್ಚುಗಳಲ್ಲಿ ಗೋಥಿಕ್ ಬಲಿಪೀಠಗಳನ್ನು ಒಡೆದು ಹೊಸದು ಇಟ್ಟರು ಅನ್ನುವುದು ನಿಜ. ಇಲ್ಲಿ ಎರಡೂ ಉಳಿದವು ಅನ್ನುವುದೂ ನಿಜ. ಆಮೇಲೆ 1706ರ ಸುಮಾರಿಗೆ ಮೈನ್‌ರಾಡ್ ಗುಗ್ಗೆನ್‌ಬಿಖ್ಲರ್ ಎಂಬ ಇನ್ನೊಬ್ಬ ಶಿಲ್ಪಿ ಬಂದು ಪಕ್ಕದ ಬಲಿಪೀಠಗಳನ್ನು, ಉಪದೇಶ ಪೀಠವನ್ನು ಮಾಡಿದ. ಗಾಯಗೊಂಡು ನಿಂತ ಯೇಸುವಿನ ಮೂರ್ತಿಯೊಂದು ಅವನದಿದೆ. ನಿಮ್ಮ ಪತ್ರದಲ್ಲಿ ಅದರ ಮಾತು ಬಂದಿಲ್ಲ. ಗಡಿಬಿಡಿಯಲ್ಲಿ ತಪ್ಪಿಹೋಗಿರಬಹುದು. ಮುಂದಿನ ಸಲ ಅದರ ಮುಂದೆ ಐದು ನಿಮಿಷ ನಿಲ್ಲಿ.

ಮುಂದಿನ ಸಲ ಅಂದೆ, ಯಾಕೆಂದರೆ ಮಗ ಮತ್ತೆ ಕರೆಯುತ್ತಿದ್ದಾನೆ, ಹೋಗಲೋ ಬೇಡವೋ ಅಂತ ನೀವೇ ಕೇಳಿದ್ದೀರಿ. ಹೋಗಿ. ಈಸ್ಟರ್ ಕಳೆದ ಮೇಲೆ ಹೋಗಿ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ ಬೇಡ. ಹೊರಡುವ ಮೊದಲು ಬಾಗಿಲು ತೆರೆದಿದೆಯಾ ಅಂತ ಮಗನಿಂದ ಚರ್ಚಿನ ಕಚೇರಿಗೆ ಒಂದು ಫೋನ್ ಮಾಡಿಸಿ.

ಚರ್ಚಿನ ಹೊರಗೆ ಒಂದು ಲೋಹದ ಕಾರಂಜಿ ಇದೆ, ಅದನ್ನೂ ನೋಡಿ. 1515ರಲ್ಲಿ ಪಾಸೌ ಊರಿನಲ್ಲಿ ಎರಕ ಹೊಯ್ದದ್ದು. ಅದರ ಮೇಲೆ ಹಳೆಯ ಜರ್ಮನ್ ಭಾಷೆಯಲ್ಲಿ ನಾಲ್ಕಾರು ಸಾಲು ಬರೆದಿದ್ದಾರೆ. ಕಾರಂಜಿಯೇ ಮಾತಾಡುವ ಹಾಗೆ ಇದೆ. ದ್ರಾಕ್ಷಾರಸ ಕೊಳ್ಳಲು ಕಾಸಿಲ್ಲದ ಬಡ ಯಾತ್ರಿಕರಿಗಾಗಿ ಮೊಂಡ್‌ಸೇ ಮಠಾಧಿಪತಿ ನನ್ನನ್ನು ಮಾಡಿಸಿದರು, ಅವರೆಲ್ಲ ಈ ನೀರು ಕುಡಿದು ಖುಷಿಯಾಗಿರಲಿ ಅನ್ನುತ್ತದೆ.

ಇಂತಿ ನಿಮ್ಮ,
ಸಂಪಾದಕ