ಮುತ್ತಜ್ಜನ ಡೆಸ್ಕಿಗೆ ಪಾಲಿಷ್: ಎಷ್ಟು ಮಾಡ್ಬೇಕು, ಎಲ್ಲಿ ನಿಲ್ಲಿಸ್ಬೇಕು?

ಪ್ರಶ್ನೆ: ನಮ್ಮ ಮುತ್ತಜ್ಜ ಶಾನುಭೋಗರಾಗಿದ್ರು. ಅವರು ನೆಲದ ಮೇಲೆ ಕೂತು ಲೆಕ್ಕ ಬರೀತಿದ್ದ ಸಾಗುವಾನಿ ಡೆಸ್ಕು, ಇಳಿಜಾರು ಮುಚ್ಚಳದ್ದು, ಇಷ್ಟು ವರ್ಷ ಅಟ್ಟದಲ್ಲಿತ್ತು, ಈಗ ಕೆಳಗಿಳಿಸಿದೀವಿ. ಮೇಲೆಲ್ಲ ಜಿಡ್ಡು, ಮಸಿ ಕಲೆ, ಚೊಂಬು ಇಟ್ಟಿದ್ದ ಕಪ್ಪು ಉಂಗುರ, ಒಂದ್ಕಡೆ ಬಿಳಿ ಮಚ್ಚೆ ಬೇರೆ. ಆಚಾರ್ರು ಮಷಿನ್ ಹಾಕಿ ಉಜ್ಜಿ ಪಿಯು, ಅಂದ್ರೆ ಪಾಲಿಯುರೆಥೇನ್ ಪಾಲಿಷ್ ಹೊಡೆದ್ರೆ ಹೊಸದ್ರ ಥರ ಆಗುತ್ತೆ ಅಂತಾರೆ, ನಮ್ಮತ್ತೆ ಮುಟ್ಲೇಬೇಡಿ ಅಂತಾರೆ. ಯಾರ ಮಾತು ಕೇಳೋದು?
– ತೀರ್ಥಹಳ್ಳಿಯ ಓದುಗರು

ಉತ್ತರ: ಮುಕ್ಕಾಲು ಪಾಲು ಅತ್ತೆ ಮಾತು ಕೇಳಿ. ಆಚಾರ್ರು ಹೇಳಿದ್ದು ಸುಳ್ಳಲ್ಲ, ಹೊಸದ್ರ ಥರ ಆಗೇ ಆಗುತ್ತೆ, ತೊಂದರೆ ಇರೋದೇ ಅಲ್ಲಿ. ಗಾಳಿ ಬೆಳಕಿಗೆ ಸಾಗುವಾನಿಗೆ ಬಂದಿರೋ ಆ ಜೇನು ಬಣ್ಣ ಮರದ ಮೇಲ್ಪದರದಲ್ಲಷ್ಟೇ ಇರೋದು, ಮಷಿನ್ ಒಂದು ಸಲ ಓಡಾಡಿದ್ರೆ ಹೋಯ್ತು, ಜೊತೆಗೆ ಕೈ ಊರಿ ಊರಿ ಸವೆದು ನುಣುಪಾದ ಅಂಚುಗಳೂ ಹೋಗ್ತವೆ. ಅದನ್ನ ಯಾವ ಪಾಲಿಷೂ ವಾಪಸ್ ತರಲ್ಲ. ಆದ್ರೆ ಜಿಡ್ಡು ಹಳೇತನ ಅಲ್ಲ ಮಾರಾಯ್ರೆ, ಅದು ಬರೀ ಕೊಳೆ, ಅದನ್ನ ತೆಗೀಲೇಬೇಕು.

ಮೊದ್ಲು ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಸೋಪು ಹಾಕಿ, ಬಟ್ಟೇನ ಚೆನ್ನಾಗಿ ಹಿಂಡಿ ಒರೆಸಿ, ಹಿಂದೆನೇ ಒಣಬಟ್ಟೇಲಿ ಒರೆಸ್ಕೊಂಡು ಹೋಗಿ. ಅದಕ್ಕೂ ಬಿಡದ ಜಿಡ್ಡಿಗೆ ಟರ್ಪೆಂಟೈನ್. ಇಷ್ಟು ಮಾಡೋ ಹೊತ್ತಿಗೇ ಎಷ್ಟೋ ಸಲ ಪಾಲಿಷ್ ಬೇಕೇ ಬೇಡ ಅನ್ಸುತ್ತೆ.

ಆಮೇಲೆ ಹಳೇ ಪಾಲಿಷ್ ಯಾವುದು ಅಂತ ನೋಡ್ಬೇಕು. ಡೆಸ್ಕಿನ ಅಡಿಭಾಗದಲ್ಲಿ, ಕಾಣದ ಕಡೆ, ಹತ್ತಿಗೆ ಪಾಲಿಷ್ ಸ್ಪಿರಿಟ್ ಅದ್ದಿ ಒತ್ತಿ ಹಿಡೀರಿ. ಅಂಟಂಟಾದ್ರೆ ಅದು ಅರಗು, ಅಂದ್ರೆ ಶೆಲ್ಯಾಕು, ನಿಮ್ಮ ಡೆಸ್ಕಿನ ವಯಸ್ಸು ನೋಡಿದ್ರೆ ಅದೇ ಇರ್ಬೇಕು. ಇದರದ್ದೊಂದು ಒಳ್ಳೇ ಗುಣ ಏನಂದ್ರೆ ಒಣಗಿ ಎಷ್ಟು ವರ್ಷ ಆದ್ರೂ ಸ್ಪಿರಿಟಿಗೆ ಮತ್ತೆ ಕರಗುತ್ತೆ, ಹಾಗಾಗಿ ಕಿತ್ತು ಹಾಕೋದೇ ಬೇಡ, ಸ್ಪಿರಿಟಲ್ಲಿ ನೆನೆಸಿ ಹಿಂಡಿದ ಬಟ್ಟೆ ಉಂಡೇನ ಮೇಲೆ ಹಗುರಾಗಿ ಎಳೆದ್ರೆ ಸಣ್ಣ ಬಿರುಕೆಲ್ಲ ತಾನೇ ಕೂಡ್ಕೊಳ್ಳುತ್ತೆ. ತೀರಾ ಸವೆದ ಕಡೆ ಮಾತ್ರ ತೆಳು ಅರಗು, ಲೀಟರ್ ಸ್ಪಿರಿಟಿಗೆ 120 ಗ್ರಾಂ ಸಾಕು, ಎರಡು ಮೂರು ಕೈ ಕೊಡಿ. ಬಿಳಿ ಮಚ್ಚೆ ಅಂದ್ರೆ ಪಾಲಿಷೊಳಗೆ ಸಿಕ್ಕೊಂಡಿರೋ ತೇವ, ಅದೂ ಸಾಮಾನ್ಯವಾಗಿ ಇದರಲ್ಲೇ ಹೋಗುತ್ತೆ. ಒಂದೇ ಷರತ್ತು, ಮಳೆಗಾಲದಲ್ಲಿ ಈ ಕೆಲ್ಸ ಬೇಡ. ನಿಮ್ಮೂರ ಜುಲೈ ತಿಂಗಳ ಥಂಡಿಗೆ ಅರಗು ಒಣಗೋವಾಗ ಬೆಳ್ಳಗಾಗಿಬಿಡುತ್ತೆ, ದೀಪಾವಳಿ ಕಳೀಲಿ.

ಇನ್ನು ಕಪ್ಪು ಉಂಗುರ. ನೀರು ಪಾಲಿಷ್ ದಾಟಿ ಮರಕ್ಕಿಳಿದು, ಮರದ ಒಗರಿನ ಅಂಶಕ್ಕೆ ಕಬ್ಬಿಣದಂಶ ಸೇರಿ ಆದ ಕಲೆ ಅದು, ಆಕ್ಸಾಲಿಕ್ ಆಸಿಡ್ ಹಚ್ಚಿದ್ರೆ ಹೋಗುತ್ತೆ. ಆದ್ರೆ ಹುಷಾರು, ಹಳೇ ಬ್ಲೂ-ಬ್ಲ್ಯಾಕ್ ಇಂಕಲ್ಲೂ ಇದ್ದಿದ್ದು ಕಬ್ಬಿಣವೇ, ಮುತ್ತಜ್ಜ ಅದನ್ನ ಬಳಸಿದ್ರೆ ಉಂಗುರದ ಜೊತೆ ಅವರ ಇಂಕಿನ ಕಲೇನೂ ಅಳಿಸಿ ಹೋಗುತ್ತೆ. ದೀಪದ ಕಪ್ಪಿನಿಂದ ಮಾಡಿದ ಮಸಿಯಾದ್ರೆ ಏನೂ ಆಗಲ್ಲ. ನನ್ನ ಕೇಳಿದ್ರೆ ಮಸಿ ಕಲೇನ ಮುಟ್ಲೇಬೇಡಿ, ಶಾನುಭೋಗರ ಡೆಸ್ಕಲ್ಲಿ ಮಸಿ ಇಲ್ದೆ ಇನ್ನೇನಿರುತ್ತೆ? ಉಂಗುರ ತೀರಾ ಕಣ್ಣಿಗೆ ಹೊಡೆದ್ರೆ ಅಲ್ಲಿಷ್ಟೇ ಸಣ್ಣ ಬ್ರಷ್ಷಲ್ಲಿ ಹಚ್ಚಿ ಆಮೇಲೆ ನೀರಲ್ಲಿ ಒರೆಸಿ, ಕೈಗೆ ಗ್ಲೌಸ್ ಇರ್ಲಿ, ಅದು ವಿಷ, ಮಕ್ಕಳ ಕೈಗೆ ಸಿಗೋ ಹಾಗೆ ಇಡ್ಬೇಡಿ. ಇದನ್ನ ಅರಗು ಕೊಡೋಕೆ ಮುಂಚೆನೇ ಮುಗಿಸ್ಕೊಳ್ಳಿ.

ಕೊನೇಗೆ ಜೇನುಮೇಣ. ಒಂದು ಪಾಲು ಮೇಣಾನ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಒಲೆಯಿಂದ ದೂರ ತಂದು ಎರಡು ಪಾಲು ಟರ್ಪೆಂಟೈನ್ ಬೆರೆಸಿ, ತೆಳ್ಳಗೆ ಹಚ್ಚಿ ಉಜ್ಜಿ. ಅಗಸೆ ಎಣ್ಣೆ ಹಚ್ಚಿ ಅಂತ ಯಾರಾದ್ರೂ ಹೇಳ್ತಾರೆ, ಬೇಡ, ವರ್ಷ ಕಳೆದ ಹಾಗೆ ಕಪ್ಪಾಗುತ್ತೆ, ಅದೂ ಅಲ್ದೆ ಆ ಎಣ್ಣೆ ಬಟ್ಟೇನ ಮುದ್ದೆ ಮಾಡಿ ಬಿಸಾಕಿದ್ರೆ ತಾನಾಗೇ ಬೆಂಕಿ ಹತ್ಕೊಳ್ಳೋದೂ ಉಂಟು.

ಪ್ರಶ್ನೆ: ಹಳೇ ಪೆಟ್ಟಿಗೆಯ ಹಿತ್ತಾಳೆ ಪಟ್ಟಿಗೆ ಹುಣಸೆಹಣ್ಣು ಹಾಕಿ ತಿಕ್ಕಬಹುದಾ?
– ಶಿರಸಿಯ ಓದುಗರು

ಉತ್ತರ: ದೇವರ ದೀಪಕ್ಕೆ ಸರಿ, ಪೆಟ್ಟಿಗೆಗೆ ಬೇಡ. ಹುಳಿ ನೀರು ಪಟ್ಟಿ ಅಡಿಗೆ ಇಳಿದು ಮರಾನೂ ಮೊಳೇನೂ ಹಾಳು ಮಾಡುತ್ತೆ. ಹಸಿರು ಕಿಲುಬು ಕಂಡ್ರೆ ಬಿದಿರು ಕಡ್ಡೀಲಿ ಕೆರೆದು, ಒಣಬಟ್ಟೇಲಿ ಒರೆಸಿ ಮೇಣ ಹಚ್ಚಿ. ಆ ಕಂದು ಬಣ್ಣ ಇರ್ಲಿ, ಪಳಪಳ ಹೊಳೆಯೋ ಪಟ್ಟಿ ಹಳೇ ಮರದ ಮೇಲೆ ಚೆನ್ನಾಗೂ ಕಾಣಲ್ಲ.

ಪ್ರಶ್ನೆ: ಅಜ್ಜಿ ಕಾಲದ ಮಂಚದ ಕಾಲಲ್ಲಿ ಸಣ್ಣ ಸಣ್ಣ ತೂತಿವೆ. ಕುಟ್ಟೆ ಹುಳಾನಾ?
– ಪುತ್ತೂರಿನ ಓದುಗರು

ಉತ್ತರ: ಇತ್ತು ಅಂತ ಗ್ಯಾರಂಟಿ, ಈಗಲೂ ಇದೆಯಾ ಅನ್ನೋದು ನೋಡ್ಬೇಕು. ಕಾಲಿನ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ, ತಿಳಿ ಬಣ್ಣದ ಹೊಸ ಪುಡಿ ಬಿದ್ರೆ ಹುಳ ಬದುಕಿದೆ, ಸಿರಿಂಜಲ್ಲಿ ಮರದ ಹುಳದ ಔಷಧಿ ತೂತಿಗೆ ಬಿಡಿ. ಆಮೇಲೆ ಹಳೇ ತೂತಿಗೆಲ್ಲ ಮೇಣ ತುಂಬಿಬಿಡಿ, ಮುಂದೆ ಹೊಸ ತೂತು ಬಿದ್ರೆ ತಕ್ಷಣ ಗೊತ್ತಾಗುತ್ತೆ.