ವೀಗನ್ ಊಟ, ಹಳೇ ಸಾಮಾನಿನ ಅಂಗಡಿ, ಎರಡು ದಿನದ ಆರಾಮು: ಬೆಂಗಳೂರಿನಿಂದ ಎಲ್ಲಿಗೆ ಹೋಗಬಹುದು?

ನೀವು ಕೇಳಿದ್ದು ಇಷ್ಟು: ನೀವು ವೀಗನ್, ಅಂದರೆ ಮಾಂಸ, ಮೊಟ್ಟೆ ಮಾತ್ರ ಅಲ್ಲ, ಹಾಲು, ಮೊಸರು, ತುಪ್ಪವನ್ನೂ ಮುಟ್ಟದವರು. ಯಜಮಾನರಿಗೆ ಹಳೇ ಸಾಮಾನಿನ ಹುಚ್ಚು. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟರೆ ಸೋಮವಾರ ಬೆಳಿಗ್ಗೆ ವಾಪಸ್ ಇರಬೇಕು, ಓಡಾಟ ಜಾಸ್ತಿ ಬೇಡ. ನನ್ನ ಉತ್ತರ ಕೊಚ್ಚಿ. ಅದರಲ್ಲೂ ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿ, ಅಷ್ಟೇ. ಹೇಗೂ ಅಷ್ಟು ದೂರ ಹೋಗಿದ್ದೀವಲ್ಲ ಅಂತ ಆಲಪ್ಪುಳದ ದೋಣಿಮನೆ, ಮುನ್ನಾರ್ ಎಲ್ಲ ಸೇರಿಸಿಕೊಂಡರೆ ಆರಾಮು ಎಲ್ಲಿಂದ ಬರುತ್ತದೆ?

ನಮ್ಮ ಚಿಕ್ಕಮ್ಮನ ಮನೆ ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದ ಕೊಂಕಣಿಗರು ನಮ್ಮ ಮಂಗಳೂರಿನ ಹಾಗೆ ಅಲ್ಲೂ ನೆಲೆ ನಿಂತರು. ತಿರುಮಲ ದೇವಸ್ವಂ ದೇವಸ್ಥಾನದ ಸುತ್ತ ಇವತ್ತಿಗೂ ಕೊಂಕಣಿ ಮಾತು ಕಿವಿಗೆ ಬೀಳುತ್ತದೆ. ಹಾಗಾಗಿ ನಾನು ಹೇಳುವುದು ಪ್ರವಾಸಿಗನ ಮಾತು ಅಂತ ಅಂದುಕೊಳ್ಳಬೇಡಿ. ಸ್ವಲ್ಪ ಪಕ್ಷಪಾತ ಇರಬಹುದು, ಅದನ್ನು ನೀವೇ ಕಳೆದುಕೊಳ್ಳಿ.

ಮೊದಲು ಊಟ. ಬೆಂಗಳೂರಿನ ದರ್ಶಿನಿಯಲ್ಲಿ ವೀಗನ್ ಆಗಿರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ. ದೋಸೆಗೆ ಬೆಣ್ಣೆ, ಪೊಂಗಲ್‌ಗೆ ತುಪ್ಪ, ಕೇಸರಿಬಾತ್ ಬಗ್ಗೆ ಮಾತೇ ಬೇಡ. ಕೇರಳದಲ್ಲಿ ಆ ಕೆಲಸವನ್ನೆಲ್ಲ ತೆಂಗಿನಕಾಯಿಯೇ ಮಾಡುತ್ತದೆ. ಕರಿಯುವುದು ತೆಂಗಿನೆಣ್ಣೆಯಲ್ಲಿ, ಗಟ್ಟಿತನ ಬರುವುದು ಕಾಯಿಹಾಲಿನಿಂದ. ವೀಗನ್ ಬೋರ್ಡ್ ಹಾಕಿದ ಕೆಫೆ ಹುಡುಕುವ ಅಗತ್ಯವೇ ಇಲ್ಲ. ಫೋರ್ಟ್ ಕೊಚ್ಚಿಯಲ್ಲಿ ವಿದೇಶಿಯರಿಗಾಗಿ ಓಟ್ಸ್ ಹಾಲಿನ ಕಾಫಿ, ಸ್ಮೂದಿ ಇಡುವವರಿದ್ದಾರೆ. ಆದರೆ ಅದಕ್ಕೆ ಅಷ್ಟು ದೂರ ಹೋಗಬೇಕಾ? ಇಂದಿರಾನಗರದಲ್ಲೇ ಸಿಗುತ್ತದೆ.

ಬೆಳಿಗ್ಗೆ ಪುಟ್ಟು ಮತ್ತು ಕಡಲೆ ಕರಿ ತಿನ್ನಿ. ಪುಟ್ಟು ಅಂದರೆ ಅಕ್ಕಿ ಹಿಟ್ಟು, ಕಾಯಿತುರಿ, ಉಪ್ಪು, ನೀರು, ಮುಗೀತು. ಅಥವಾ ಅಪ್ಪಂ ಮತ್ತು 'ಇಷ್ಟು', ಅಂದರೆ ಅಲ್ಲಿನ ಸ್ಟ್ಯೂ. ಅಂಚು ಗರಿಗರಿ, ನಡುವೆ ಮೆತ್ತಗೆ ಉಬ್ಬಿದ ಅಪ್ಪಂ ಮುರಿದು, ಕಾಯಿಹಾಲಿನಲ್ಲಿ ಬೆಂದ ಆಲೂಗಡ್ಡೆ, ಹಸಿಮೆಣಸು, ಶುಂಠಿಯ ಇಷ್ಟುವಿನಲ್ಲಿ ಅದ್ದಿದರೆ ಹಾಲು, ಬೆಣ್ಣೆಯ ನೆನಪೇ ಬರುವುದಿಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಊಟ. ತೋರನ್, ಎರಿಶ್ಶೇರಿ, ಬೂದುಗುಂಬಳದ ಓಲನ್, ಇವಕ್ಕೆಲ್ಲ ಹಾಲಿನ ಸೋಂಕಿಲ್ಲ. ಸಂಜೆ ನೇಂದ್ರ ಬಾಳೆಹಣ್ಣಿನ ಬಜ್ಜಿ, ಅಂದರೆ ಪಳಂಪೊರಿ, ಮತ್ತು ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ. ಹಾಲಿಲ್ಲದ ಚಹಾ ಕೇಳಿದರೆ ಅಲ್ಲಿ ಯಾರೂ ನಿಮ್ಮ ಮುಖ ನೋಡುವುದಿಲ್ಲ, ಅರ್ಧ ಊರು ಅದನ್ನೇ ಕುಡಿಯುವುದು.

ಎಚ್ಚರ ಬೇಕಾಗಿರುವ ಕಡೆ ಹೇಳಿಬಿಡುತ್ತೇನೆ. ಕಾಳನ್, ಪುಳಿಶ್ಶೇರಿ, ಪಚ್ಚಡಿ, ಕಿಚ್ಚಡಿ ಎಲ್ಲಕ್ಕೂ ಮೊಸರೋ ಮಜ್ಜಿಗೆಯೋ ಬಿದ್ದಿರುತ್ತದೆ. ಅವಿಯಲ್‌ಗೆ ಒಬ್ಬರು ಮಾವಿನಕಾಯಿ ಹಾಕುತ್ತಾರೆ, ಇನ್ನೊಬ್ಬರು ಮೊಸರು ಹಾಕುತ್ತಾರೆ, ಕೇಳಿಯೇ ತಿನ್ನಿ. ಊಟದ ಮೊದಲಿಗೆ ಬರುವ ಬೇಳೆ, ಅಂದರೆ ಪರಿಪ್ಪಿನ ಮೇಲೆ ತುಪ್ಪ ಸುರಿಯುತ್ತಾರೆ, ಎಲೆ ಹಾಕಿದ ಕೂಡಲೇ ಬೇಡ ಅನ್ನಬೇಕು. ಬೆಲ್ಲ, ಕಾಯಿಹಾಲಿನ ಅಡ ಪ್ರಥಮನ್ ಪಾಯಸ ನೋಡಿ ಆಸೆಪಡಬೇಡಿ, ಗೋಡಂಬಿ ಹುರಿಯುವುದು ತುಪ್ಪದಲ್ಲೇ. ಪರೋಟಾ ಹಿಟ್ಟಿಗೆ ಎಷ್ಟೋ ಕಡೆ ಮೊಟ್ಟೆ, ಹಾಲು ಸೇರಿಸುತ್ತಾರೆ. 'ನೆಯ್ ವೇಂಡ, ತೈರ್ ವೇಂಡ, ಪಾಲ್ ವೇಂಡ' ಅಂತ ಬಾಯಿಪಾಠ ಮಾಡಿಕೊಳ್ಳಿ. ತುಪ್ಪ, ಮೊಸರು, ಹಾಲು ಮೂರೂ ಬೇಡ ಅಂತ. 'ವೀಗನ್' ಅಂದರೆ ತಲೆಯಾಡಿಸಿ ತುಪ್ಪ ಹಾಕಿಯೇ ತರುತ್ತಾರೆ. ಮೀನಿನ ವಾಸನೆ ಆಗಲ್ಲ ಅಂದರೆ ಕೊಚ್ಚಿಯದೇ ಇನ್ನೊಂದು ಭಾಗವಾದ ಎರ್ನಾಕುಳಂ ಕಡೆ ದರ್ಬಾರ್ ಹಾಲ್ ರಸ್ತೆಯ ಭಾರತ್ ಹೋಟೆಲ್ ಪೂರ್ತಿ ಸಸ್ಯಾಹಾರಿ. ಫೋರ್ಟ್ ಕೊಚ್ಚಿಯ ಬಹುತೇಕ ಹೋಟೆಲ್‌ಗಳಲ್ಲಿ ಮೀನಿಗೂ ತರಕಾರಿಗೂ ಒಂದೇ ಅಡುಗೆಮನೆ.

ಈಗ ಯಜಮಾನರ ಭಾಗ. ಮಟ್ಟಾಂಚೇರಿಯಲ್ಲಿ ಜ್ಯೂ ಟೌನ್, ಅಂದರೆ ಯಹೂದಿಗಳ ಕೇರಿ, ಅಂತ ಒಂದು ಬೀದಿ. ಹಿಂದೆ ಮೆಣಸು, ಶುಂಠಿ, ಏಲಕ್ಕಿ ತುಂಬಿಡುತ್ತಿದ್ದ ಗೋದಾಮುಗಳಲ್ಲಿ ಈಗ ಹಳೇ ಸಾಮಾನಿನ ಅಂಗಡಿಗಳು. ಇಸ್ರೇಲ್ ಹುಟ್ಟಿದ ಮೇಲೆ, ಹೆಚ್ಚಾಗಿ 1950ರ ದಶಕದಲ್ಲಿ, ಇಲ್ಲಿನ ಯಹೂದಿಗಳು ಒಬ್ಬೊಬ್ಬರಾಗಿ ಹೊರಟುಹೋದರು. ಆದರೆ ಅಂಗಡಿ ತುಂಬಿಸಿದ್ದು ಅವರ ಸಾಮಾನು ಮಾತ್ರ ಅಲ್ಲ. 1976ರಲ್ಲಿ ಕೂಡುಕುಟುಂಬ ಪದ್ಧತಿ ರದ್ದು ಮಾಡುವ ಕಾನೂನು ಕೇರಳದಲ್ಲಿ ಜಾರಿಗೆ ಬಂತು. ಕೂಡುಕುಟುಂಬಗಳ ದೊಡ್ಡ ದೊಡ್ಡ ತರವಾಡು ಮನೆಗಳು ಪಾಲಾದವು, ಎಷ್ಟೋ ಬಿಚ್ಚಿ ಮಾರಾಟಕ್ಕೆ ಬಂದವು. ಐವತ್ತು ಜನಕ್ಕೆ ಪಾಯಸ ಕಾಯಿಸುವ ಉರುಳಿಯನ್ನು ಫ್ಲ್ಯಾಟಿನಲ್ಲಿ ಎಲ್ಲಿ ಇಡುವುದು, ಅಲ್ವಾ? ಕಂಬ, ಬಾಗಿಲು, ತೂಗುದೀಪ, ಆಭರಣ ಇಡುವ ನೆಟ್ಟೂರು ಪೆಟ್ಟಿ, ಭತ್ತ ಅಳೆಯುವ ಪರ, ಉಪ್ಪಿನಕಾಯಿ ಭರಣಿ ಎಲ್ಲ ಹೀಗೆ ಬೀದಿಗೆ ಬಂದದ್ದು.

ಅಲ್ಲಿರುವುದೆಲ್ಲ ಹಳೆಯದಾ? ಇಲ್ಲ. ನನ್ನ ಲೆಕ್ಕದಲ್ಲಿ ಮುಂದಿನ ಸಾಲಿನಲ್ಲಿ ಹೊಳೆಯುವುದೆಲ್ಲ ಹೊಸದೇ. 'ವಿಕ್ಟೋರಿಯನ್ ಮೆರೈನ್ ಟೆಲಿಸ್ಕೋಪ್, ಲಂಡನ್ 1915' ಅಂತ ಕೊರೆದ ಹಿತ್ತಾಳೆಯ ದುರ್ಬೀನು ಇಂಥ ಅಂಗಡಿಗಳಲ್ಲಿ ಮಾಮೂಲು. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ! ಹಿತ್ತಾಳೆ ಕೊಳವೆಯ ಗ್ರಾಮಫೋನ್, ಹಡಗಿನ ದಿಕ್ಸೂಚಿಯ ಕಥೆಯೂ ಅಷ್ಟೇ. ನೋಡಲು ಚೆಂದ ಅಂತ ತಗೊಳ್ಳಿ, ಹಳೆಯದು ಅಂತ ದುಡ್ಡು ಕೊಡಬೇಡಿ.

ಉರುಳಿ ತಗೊಳ್ಳುವುದಾದರೆ ಕೈಯಲ್ಲಿ ಎತ್ತಿ ಮಗುಚಿ ನೋಡಿ. ದಿನಾ ಒಲೆ ಮೇಲೆ ಕೂತ ಪಾತ್ರೆಯ ತಳ ಎಲ್ಲ ಕಡೆ ಒಂದೇ ಥರ ಕಪ್ಪಾಗಿರುವುದಿಲ್ಲ. ಒಳಗೆ ಸಟ್ಟುಗ ತಿರುಗಿಸಿದ ಗೀರುಗಳು ಗುಂಡಗೆ, ಒಂದರ ಮೇಲೊಂದು ಇರುತ್ತವೆ. ಬಣ್ಣ, ಆಸಿಡ್ ಹಚ್ಚಿ ಹಳೆಯದು ಮಾಡಿದ್ದರೆ ಮೂಲೆಯಲ್ಲೂ ಹಿಡಿಯ ಸಂದಿಯಲ್ಲೂ ಒಂದೇ ಕಪ್ಪು. ಕೈ ತಾಗುವ ಅಂಚು ಸವೆದು ನುಣುಪಾಗಿರಬೇಕು, ಕೈ ಹೋಗದ ಕಡೆ ಕೊಳೆ ಉಳಿದಿರಬೇಕು. ಬೆರಳ ಗೆಣ್ಣಿನಿಂದ ತಟ್ಟಿ. ಕಂಚಾದರೆ ಗಂಟೆಯ ಹಾಗೆ ನಾದ ಎಳೆಯುತ್ತದೆ, ಬಿರುಕಿದ್ದರೆ ಸಪ್ಪೆ ಸದ್ದು. ಬೆಲೆ ಸಾಮಾನ್ಯವಾಗಿ ತೂಕದ ಮೇಲೆ, ಹಾಗಾಗಿ ಕಿಲೋಗೆ ಎಷ್ಟು ಅಂತ ಮೊದಲೇ ಕೇಳಿ, ಮೂರು ಅಂಗಡಿ ಸುತ್ತಿ, ಆಮೇಲೆ ಚೌಕಾಸಿ. ಮೊದಲ ಅಂಗಡಿಯಲ್ಲೇ ತಗೊಳ್ಳುವ ಗಂಡಂದಿರನ್ನು ಹಿಡಿದು ನಿಲ್ಲಿಸುವ ಜವಾಬ್ದಾರಿ ನಿಮ್ಮದು.

ಕಾನೂನು ಒಂದಿದೆ. 1972ರ ಕೇಂದ್ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಲೋಹದ ಕಲಾವಸ್ತು ಮೊದಲಾದವು ಪ್ರಾಚ್ಯವಸ್ತು. ಬೆಲೆಬಾಳುವ ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಮಾರುವವರಿಗೆ ಲೈಸೆನ್ಸ್ ಬೇಕು, ಅಂಥದ್ದನ್ನು ನಾವು ನೀವು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಅಂತ ಹಳೇ ವಿಗ್ರಹ ಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ದೇವರ ವಿಗ್ರಹವನ್ನು ಮನೆಗೆ ಅಂತಲೂ ನಾನು ತಗೊಳ್ಳುವುದಿಲ್ಲ, ಯಾವ ಗುಡಿಯಿಂದ ಬಂತೋ ಯಾರಿಗೆ ಗೊತ್ತು.

ದಿನ ಹಂಚಿಕೊಳ್ಳುವುದರಲ್ಲಿ ಒಂದು ಸೂಕ್ಷ್ಮ ಇದೆ. ಬೀದಿಯ ಕೊನೆಯಲ್ಲಿರುವ ಯಹೂದಿಗಳ ಪ್ರಾರ್ಥನಾ ಮಂದಿರ, ಪರದೇಶಿ ಸಿನಗಾಗ್, ಕಟ್ಟಿದ್ದು 1568ರಲ್ಲಿ. ಅದರ ನೆಲಕ್ಕೆ ಹಾಸಿದ ನೀಲಿ-ಬಿಳಿ ಚೀನಾ ಟೈಲ್ಸ್ ಕೈಯಲ್ಲೇ ಬಣ್ಣ ಬರೆದವು, ನೋಡಲೇಬೇಕು. ಆದರೆ ಶುಕ್ರವಾರ, ಶನಿವಾರ ಪ್ರವಾಸಿಗರಿಗೆ ಬಾಗಿಲು ಇಲ್ಲ. ಆದ್ದರಿಂದ ಮಟ್ಟಾಂಚೇರಿಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಪಕ್ಕದಲ್ಲೇ ಅರಮನೆ, ಗೋಡೆ ತುಂಬ ರಾಮಾಯಣದ ಚಿತ್ರಗಳು. ಶನಿವಾರ ಫೋರ್ಟ್ ಕೊಚ್ಚಿಯಲ್ಲಿ ಸುಮ್ನೆ ಇರಿ. ಮಧ್ಯಾಹ್ನ ನಿದ್ದೆ ಮಾಡಿ, ಸೆಕೆಗೆ ಬೇರೆ ದಾರಿಯೂ ಇಲ್ಲ. ಸಂಜೆ ಮೀನು ಹಿಡಿಯುವ ಚೀನಾ ಬಲೆಗಳ ಕಡೆ ನಡೆದು ಬನ್ನಿ. ಹೋಂಸ್ಟೇಯವರಿಗೆ ತಿಂಡಿಯ ವಿಷಯ ಹಿಂದಿನ ರಾತ್ರಿಯೇ ಹೇಳಿಡಿ, ಇಲ್ಲದಿದ್ದರೆ ಬ್ರೆಡ್, ಆಮ್ಲೆಟ್ ಬರುತ್ತದೆ.

ಹೋಗುವುದಕ್ಕೆ ರಾತ್ರಿಯ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಸಾಕು, ಬೆಳಿಗ್ಗೆ ಎರ್ನಾಕುಳಂ ಟೌನ್ ಸ್ಟೇಷನ್. ಅಲ್ಲಿಂದ ಆಟೊ ಹಿಡಿದು ಹೈಕೋರ್ಟ್ ಜೆಟ್ಟಿಗೆ ಬನ್ನಿ, ವಾಟರ್ ಮೆಟ್ರೊ ಹತ್ತಿ ಫೋರ್ಟ್ ಕೊಚ್ಚಿಗೆ. ಊರೊಳಗಿನ ಟ್ರಾಫಿಕ್ಕಿಗಿಂತ ನೀರ ಮೇಲೆ ಎಷ್ಟೋ ವಾಸಿ. ವಾಪಸ್ ಬರುವಾಗಲೂ ವಿಮಾನಕ್ಕಿಂತ ರೈಲೇ ಒಳ್ಳೆಯದು, ಕಂಚಿನ ಉರುಳಿಗೆ ವಿಮಾನದಷ್ಟು ತೂಕದ ಕಟ್ಟುನಿಟ್ಟು ಇಲ್ಲ. ಬಿನಾಲೆ ಅನ್ನುವ ದೊಡ್ಡ ಕಲಾಮೇಳ ನಡೆಯುವ ವರ್ಷ ಡಿಸೆಂಬರ್‌ನಿಂದ ಮಾರ್ಚ್ ತನಕ ರೂಮು ಸಿಗುವುದು ಕಷ್ಟ, ಮೊದಲೇ ಬುಕ್ ಮಾಡಿ. ಜೂನ್, ಜುಲೈ ಮಳೆಯಲ್ಲಿ ಹೋದರೆ ರೂಮು ಅಗ್ಗ, ಅಂಗಡಿಯವರಿಗೂ ಮಾತಾಡಲು ಪುರಸೊತ್ತು, ಚೌಕಾಸಿಗೂ ಬಗ್ಗುತ್ತಾರೆ. ಛತ್ರಿ ಒಂದು ಮರೆಯಬೇಡಿ.